ನಿಮ್ಮ ಕಾಯಿಲೆ ಮೊಬೈಲಿಗೆ ಹೇಗೆ ಗೊತ್ತಾಯಿತು?

ಸಕ್ಕರೆ ಕಾಯಿಲೆಯವರಿಗಾಗಿ ನಾವು ನಡೆಸುವ ತರಗತಿಗೆ ವಿಜಯನಗರದಿಂದ ಬರುವ ತಾಯಿಯೊಬ್ಬರು ಒಂದು ದಿನ ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. "ಸಿಸ್ಟರ್, ನನಗೆ ಶುಗರ್ ಇದೆ ಅಂತ ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಇದಕ್ಕೆ ಯಾರು ಹೇಳಿದರು?" ಎಂದು ಕೇಳಿದರು. ಪರದೆಯ ಮೇಲೆ, ತಿಂಗಳಲ್ಲಿ ಶುಗರ್ ಮಾಯ ಮಾಡುವುದಾಗಿ ಹೇಳುವ ಪುಡಿಯೊಂದರ ಜಾಹೀರಾತು ಇತ್ತು.

ಹೇಳಿದವರು ಬಹುಶಃ ಅವರೇ. ರಿಪೋರ್ಟ್ ಬಂದ ದಿನ ರಾತ್ರಿ ನಿದ್ದೆ ಬಾರದೆ, ಶುಗರ್ ಇಷ್ಟಿದ್ದರೆ ಏನಾಗುತ್ತದೆ, ಕಾಲು ತೆಗೆಯಬೇಕಾಗುತ್ತದೆಯೇ ಎಂದೆಲ್ಲ ಫೋನಿನಲ್ಲಿ ಹುಡುಕಿದ್ದರಂತೆ. ಫೋನು ನಮ್ಮ ಮಾತನ್ನು ಕದ್ದು ಕೇಳುತ್ತದೆ ಎಂದು ಹಲವರು ನಂಬಿದ್ದಾರೆ. ಅಷ್ಟು ಕಷ್ಟ ಪಡುವ ಅಗತ್ಯವೇ ಅದಕ್ಕಿಲ್ಲ.

ನಮ್ಮಲ್ಲಿ ನಿಮಗೆ ಓ.ಪಿ. ನಂಬರ್ ಕೊಡುತ್ತೇವಲ್ಲವೇ? ಲ್ಯಾಬ್, ಔಷಧಿ ವಿಭಾಗ, ವೈದ್ಯರು ಎಲ್ಲರೂ ಆ ನಂಬರಿನ ಕೆಳಗೆ ಬರೆಯುತ್ತಾ ಹೋದಂತೆ ಒಂದು ಫೈಲ್ ತಯಾರಾಗುತ್ತದೆ. ಹಾಗೆಯೇ ಆಂಡ್ರಾಯ್ಡ್ ಫೋನಿಗೆ ಒಂದು ಜಾಹೀರಾತು ನಂಬರ್ ಇರುತ್ತದೆ. ನೀವು ಬಳಸುವ ಆಪ್‌ಗಳಲ್ಲಿ ಅನೇಕವು ನೀವು ಏನು ನೋಡಿದಿರಿ, ಏನು ಕೊಂಡಿರಿ, ಎಲ್ಲಿದ್ದೀರಿ ಎಂಬುದನ್ನು ಅದರ ಕೆಳಗೆ ಸೇರಿಸುತ್ತವೆ. ನೀವೊಂದು ಪುಟ ತೆರೆದಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ಆ ಪುಟದ ಜಾಹೀರಾತು ಜಾಗ ಹರಾಜಾಗುತ್ತದೆ. ಸಕ್ಕರೆ ಕಾಯಿಲೆಯವರನ್ನೇ ಹುಡುಕುತ್ತಿರುವ ಕಂಪನಿ ಹೆಚ್ಚು ಬೆಲೆ ಕೂಗಿದರೆ ಜಾಗ ಅದರದ್ದು.

ಅಮೆರಿಕದಲ್ಲಿ ಔಷಧಿಗಳಿಗೆ ರಿಯಾಯಿತಿ ಕೊಡಿಸುವ ಗುಡ್‌ಆರ್‌ಎಕ್ಸ್ ಎಂಬ ಸಂಸ್ಥೆ, ಬಳಕೆದಾರರ ಔಷಧಿ ಹಾಗೂ ಕಾಯಿಲೆಗಳ ವಿವರವನ್ನು ಫೇಸ್‌ಬುಕ್, ಗೂಗಲ್ ಮುಂತಾದ ಕಂಪನಿಗಳಿಗೆ ಕೊಟ್ಟಿತೆಂಬ ಆರೋಪದ ಮೇಲೆ 2023ರಲ್ಲಿ 15 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು.

ಗುಟ್ಟು ಹೊರಗೆ ಬಿದ್ದದ್ದಕ್ಕಿಂತ ನನಗೆ ಹೆದರಿಕೆ ತಂದದ್ದು ಬೇರೆ. ಆ ತಾಯಿ ಪುಡಿ ತರಿಸಿಕೊಂಡು, ಮಾತ್ರೆ ನಿಲ್ಲಿಸಿ 12 ದಿನವಾಗಿತ್ತು. ಅಂದು ಅವರ ಶುಗರ್ 380 ಇತ್ತು, ಹೆಬ್ಬೆರಳಿನಲ್ಲಿ ಸಣ್ಣ ಗಾಯವೂ ಇತ್ತು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಪಾರ್ಶ್ವವಾಯು ಇವನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ನೀಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಗೋಡೆಯ ಮೇಲಿನ ಜಾಹೀರಾತಾದರೆ ಬೀದಿಯವರೆಲ್ಲ ನೋಡುತ್ತಾರೆ, ಯಾರಾದರೂ ಪ್ರಶ್ನಿಸುತ್ತಾರೆ. ಇದನ್ನು ನೋಡಿದವರು ಹೆದರಿ ಕುಳಿತಿದ್ದ ಅವರೊಬ್ಬರೇ.

ಕಾನೂನಿನ ವಿಷಯದಲ್ಲಿ ನಮ್ಮ ರಾಜ್ಯದವರೊಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಕುರಿತು 2012ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಬಳಿಕ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂದಿತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಕಲಮುಗಳಿಗೆ ಅಲ್ಲಿಂದ 18 ತಿಂಗಳ ಗಡುವಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಅವಕಾಶ, ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂಪಡೆಯುವ ಹಕ್ಕು, ಇವೆರಡೂ ಈ ಕಾಯಿದೆಯಲ್ಲಿವೆ. 18 ವರ್ಷದೊಳಗಿನವರನ್ನು ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ತಪ್ಪಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ.

ಗಡುವಿಗೆ ಕಾಯದೆ ಇಂದೇ ಮಾಡಬಹುದಾದ್ದೂ ಇದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆಡ್ಸ್ ತೆರೆದರೆ ಜಾಹೀರಾತು ನಂಬರನ್ನು ಅಳಿಸುವ ಅವಕಾಶ ಸಿಗುತ್ತದೆ (ಕೆಲವು ಫೋನುಗಳಲ್ಲಿ ಸ್ವಲ್ಪ ಹುಡುಕಬೇಕು, ಮಕ್ಕಳನ್ನು ಕೇಳಿ). ಐಫೋನಿನಲ್ಲಿ ಆಪ್ ಒಂದು ನಿಮ್ಮನ್ನು ಹಿಂಬಾಲಿಸಲು ಅನುಮತಿ ಕೇಳಿದಾಗ ಬೇಡ ಎನ್ನಿ. ಜಾಹೀರಾತು ನಿಲ್ಲುವುದಿಲ್ಲ, ನಿಮ್ಮ ಕಾಯಿಲೆ ಹುಡುಕಿಕೊಂಡು ಬರುವುದು ಕಡಿಮೆಯಾಗುತ್ತದೆ. ಟಾರ್ಚ್ ಆಪ್‌ಗೆ ನಿಮ್ಮ ಫೋನ್ ನಂಬರುಗಳ ಪಟ್ಟಿ ಏಕೆ ಬೇಕು ಎಂದೂ ಯೋಚಿಸಿ. ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಅಂಗಡಿ ಬಾಗಿಲಲ್ಲಿ ಬಹುಮಾನದ ಚೀಟಿ ತುಂಬಿಸಿದರೆ, ಕಾಯಿಲೆಯ ಕಾಲಂ ಖಾಲಿ ಬಿಡಿ. ಜಾಹೀರಾತು ಕರೆಗಳು ಕಾಡುತ್ತಿದ್ದರೆ 1909ಕ್ಕೆ ಕರೆ ಮಾಡಿ ನೋಂದಾಯಿಸಬಹುದು.

ಆ ತಾಯಿಯ ಗಾಯ ಮಾಯಲು ಏಳು ವಾರ ಹಿಡಿಯಿತು. ಫೋನಿನಲ್ಲಿ ನೋಡಿದ ಔಷಧಿಯ ಬಗ್ಗೆ ನಿಮಗೂ ಆಸೆಯಾದರೆ ಆ ಚಿತ್ರವನ್ನು ನಮಗೆ ತಂದು ತೋರಿಸಿ, ಬೈಯುವುದಿಲ್ಲ. ಅಲ್ಲಿಯವರೆಗೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.