ಡಾಕ್ಟರ್ ಆಗೋರು ಮೊದಲು ನಾಡಿ ಹಿಡಿಯೋದು ಗೆಳೆಯರದ್ದೇ

ಯಾದಗಿರಿ: ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 'ಯಿಮ್ಸ್' 2022ರಲ್ಲಿ 150 ಎಂಬಿಬಿಎಸ್ ಸೀಟುಗಳೊಂದಿಗೆ ಶುರುವಾಯಿತು. ಶಹಾಪುರ, ಸುರಪುರದಿಂದ ಜಿಲ್ಲಾಸ್ಪತ್ರೆಗೆ ಬರೋರಿಗೆ ಒಂದು ಅನುಮಾನ ಸಹಜ: ಈ ಹುಡುಗರು ನಮ್ಮ ಮೇಲೇ ಕೈ ಪಳಗಿಸ್ತಾರೇನು?

ನೇರವಾಗಿ ರೋಗಿ ಮೇಲಲ್ಲ. ಎಂಬಿಬಿಎಸ್ ಮೊದಲ ವರ್ಷದ ಪ್ರಾಕ್ಟಿಕಲ್‌ನಲ್ಲಿ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಪರೀಕ್ಷಿಸಿ ಕಲೀತಾರೆ. ಮಣಿಕಟ್ಟು ಹಿಡಿದು ನಾಡಿ ಎಣಿಸೋದು, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡೋದು, ಸ್ಟೆತಾಸ್ಕೋಪ್ ಇಟ್ಟು ಉಸಿರಿನ ಸದ್ದು ಕೇಳೋದು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟೋದು. ಆರೋಗ್ಯವಂತರ ನಾಡಿ ನಿಮಿಷಕ್ಕೆ 60ರಿಂದ 100, ಬಿಪಿ 120/80ರ ಆಸುಪಾಸು. ಇದು ಕೈಗೆ, ಕಿವಿಗೆ ರೂಢಿಯಾದ ಮೇಲೇ ಏರುಪೇರು ಗೊತ್ತಾಗೋದು. ಪಟ್ಟಿ ಬಿಗಿದಾಗ ತೋಳು ಎಷ್ಟು ನೋಯ್ತದ ಅನ್ನೋದೂ ತಿಳೀತದ. ಖಾಸಗಿ ಅಂಗಗಳ ಪರೀಕ್ಷೆ ಕಲಿಯಲು ಗೊಂಬೆ ಮಾದರಿಗಳಿರುತ್ತವೆ.

ಗೆಳೆಯನೇ ಆದರೂ ಕೇಳಿಯೇ ಮುಟ್ಟಬೇಕು, ಬೇಡ ಅಂದರೆ ಒತ್ತಾಯ ಮಾಡಬಾರದು ಅನ್ನೋದು ಇಲ್ಲಿನ ಮೊದಲ ಪಾಠ.

ವಾರ್ಡಿನಲ್ಲಿ ರೋಗಿಗೂ ಇದೇ ಹಕ್ಕು. ವಿದ್ಯಾರ್ಥಿ ಬಂದರೆ ಹೆಸರು, ಯಾವ ವರ್ಷ ಅಂತ ಕೇಳಿ. ಪರದೆ ಎಳೆಯಲು ಹೇಳಿ. ಹೆಣ್ಣುಮಕ್ಕಳು, ಜೊತೆಗೆ ನರ್ಸ್ ಅಥವಾ ಮನೆಯವರು ಇರಲಿ ಅನ್ನಬಹುದು. ನೋವು, ಸುಸ್ತು ಇದ್ದರೆ ಬೇಡ ಅನ್ನಿ. ಅದೇ ಕಾರಣಕ್ಕೆ ಯಾರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಒಪ್ಪಿದರೆ, ನಾಳೆ ನಮ್ಮೂರಿಗೇ ಬರಬಹುದಾದ ಒಬ್ಬ ಡಾಕ್ಟರ್ ಕಲಿಯೋಕೆ ನೆರವಾಗ್ತದ.