ಒಂದು ದಿನದ ಜಯವು ಜಯವಲ್ಲವೇ?

ನಮ್ಮ ಚರ್ಚಾಕೂಟದಲ್ಲಿ ಈ ಸಾರಿ ಮೇಲಿನ ತರಗತಿಯ ಬಾಲಿಕೆಯರು ಆರಿಸಿಕೊಂಡ ವಿಷಯವು ಒಬ್ಬ ಮುಷ್ಟಿಮಲ್ಲನ ಗೆಲುವೆಂಬುದನ್ನು ಕೇಳಿ, ಹೆಣ್ಣುಮಕ್ಕಳ ಪಾಠಶಾಲೆಗೂ ಗುದ್ದಾಟಕ್ಕೂ ಏನು ಸಂಬಂಧವೆಂದು ಕೆಲವರು ಪೋಷಕರು ಪ್ರಶ್ನಿಸಿದರು. ಗುದ್ದಾಟವನ್ನು ಕೊಂಡಾಡುವುದು ನಮ್ಮ ಉದ್ದೇಶವಲ್ಲ. ಆದರೆ ಅಂದು ಬಾಲಿಕೆಯರು ಎತ್ತಿದ ಪ್ರಶ್ನೆಯು, ಪರೀಕ್ಷೆಯ ಫಲವನ್ನು ನೋಡಿ ಮಕ್ಕಳನ್ನು ತೂಗುವ ನಮಗೂ ನಿಮಗೂ ತಟ್ಟುವಂಥದು. ಆದಕಾರಣ ಆ ಸಂಗತಿಯನ್ನು ಮೊದಲಿನಿಂದ ವಿವರಿಸಿ, ನಮಗೆ ತೋರಿದ ಅಭಿಪ್ರಾಯವನ್ನು ಇಲ್ಲಿ ಅರಿಕೆಮಾಡುತ್ತೇವೆ.

ಈ ಪಂದ್ಯವು ೧೯೯೦ನೆಯ ಇಸವಿ ಫೆಬ್ರವರಿ ೧೧ನೆಯ ತಾರೀಖು ಜಪಾನಿನ ಟೋಕಿಯೋ ನಗರದಲ್ಲಿ ನಡೆಯಿತು. ಒಂದು ಕಡೆ ಅಮೆರಿಕಾ ದೇಶದ ಮೈಕ್ ಟೈಸನ್. ಈತನು ೧೯೮೬ರಲ್ಲಿ, ಇಪ್ಪತ್ತು ವರ್ಷದವನಾಗಿದ್ದಾಗಲೇ, ಹೆವಿವೇಟ್ ವರ್ಗದ ಜಗಜ್ಜೆಟ್ಟಿಯೆನಿಸಿದವನು; ಆಡಿದ ೩೭ ಪಂದ್ಯಗಳಲ್ಲಿ ಒಂದನ್ನೂ ಸೋತವನಲ್ಲ; ೧೯೮೮ರಲ್ಲಿ ಮೈಕೆಲ್ ಸ್ಪಿಂಕ್ಸನನ್ನು ೯೧ ಸೆಕೆಂಡುಗಳಲ್ಲಿ ಕೆಡವಿದವನು. ಮತ್ತೊಂದು ಕಡೆ ಅದೇ ದೇಶದ ಕೊಲಂಬಸ್ ಊರಿನ ಜೇಮ್ಸ್ ಡಗ್ಲಸ್. ಜನರು ಕರೆಯುತ್ತಿದ್ದುದು ಬಸ್ಟರ್ ಎಂದು. ಈತನು ಅದಕ್ಕೆ ಮುಂಚೆ ನಾಲ್ಕು ಸಾರಿ ಸೋತಿದ್ದನು. ೧೯೮೭ರಲ್ಲಿ ಟೋನಿ ಟಕರನೊಡನೆ ಹೋರಾಡಿ, ಮುಂದಿದ್ದೂ ಹತ್ತನೆಯ ಸುತ್ತಿನಲ್ಲಿ ಸೋತುದರಿಂದ, ಕಷ್ಟ ಬಂದಾಗ ಕೈಬಿಡುವವನೆಂಬ ಅಪವಾದವೂ ಅವನಿಗೆ ಅಂಟಿಕೊಂಡಿತ್ತು.

ಇಂತಹವನು ಗೆದ್ದಾನೆಂದು ಯಾರು ನಂಬುವರು? ಲಾಸ್ ವೇಗಾಸಿನಲ್ಲಿ ಬಾಜಿ ಹಿಡಿಯುವವರಲ್ಲಿ ಬಹುಮಂದಿ ಈ ಪಂದ್ಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಿರಾಜ್ ಎಂಬಲ್ಲಿ ಹಿಡಿದ ಬಾಜಿಯ ದರವು ಒಂದಕ್ಕೆ ೪೨. ಎಂದರೆ ಡಗ್ಲಸನ ಮೇಲೆ ಒಂದು ಡಾಲರು ಕಟ್ಟಿದವನಿಗೆ ಅವನು ಗೆದ್ದರೆ ೪೨ ಡಾಲರುಗಳ ಲಾಭ. ಬಾಜಿಯು ಕೆಟ್ಟ ಚಾಳಿಯೇ ಸರಿ. ಆದರೂ ಈ ಲೆಕ್ಕದ ಅರ್ಥವನ್ನು ತಿಳಿದಿರುವುದು ಲೇಸು. ಅದು ಜನರ ಅಭಿಪ್ರಾಯದ ಅಳತೆಯೇ ಹೊರತು ಆ ಮನುಷ್ಯನ ಸಾಮರ್ಥ್ಯದ ಅಳತೆಯಲ್ಲ.

ಪಂದ್ಯಕ್ಕೆ ಸುಮಾರು ಮೂರು ವಾರ ಮುಂಚೆ ಡಗ್ಲಸನ ತಾಯಿ ತೀರಿಕೊಂಡಿದ್ದರು. ಆ ದುಃಖವನ್ನು ಹೊತ್ತುಕೊಂಡೇ ಅವನು ಕಣಕ್ಕಿಳಿದನು. ಚಾಚಿದ ಅವನ ತೋಳುಗಳ ಅಳತೆಯು ಟೈಸನನ ಅಳತೆಗಿಂತ ಸುಮಾರು ಒಂದು ಅಡಿ ಹೆಚ್ಚು. ಟೈಸನನ ಬಲವೆಲ್ಲ ಎದುರಾಳಿಯ ಹತ್ತಿರಕ್ಕೆ ನುಗ್ಗಿ ಹೊಡೆಯುವುದರಲ್ಲಿತ್ತು. ಡಗ್ಲಸನಾದರೋ ಎಡಗೈಯ ನೇರ ಏಟುಗಳಿಂದ ಅವನನ್ನು ಬಿಡದೆ ದೂರದಲ್ಲಿಯೇ ನಿಲ್ಲಿಸಿ, ಹಿಂದೆಯೇ ಬಲಗೈಯನ್ನು ಬೀಸಿದನು. ಟೈಸನನ ಎಡಗಣ್ಣು ಊದಿ ಮುಚ್ಚುತ್ತ ಬಂದಿತು. ಹತ್ತನೆಯ ಸುತ್ತಿನಲ್ಲಿ ಜಗಜ್ಜೆಟ್ಟಿಯು ನೆಲಕ್ಕುರುಳಿ, ಬಾಯಿಂದ ಜಾರಿದ ದಂತಕವಚವನ್ನು ತಡಕಾಡುತ್ತಿದ್ದುದನ್ನು ಲೋಕವೆಲ್ಲ ಕಂಡಿತು. ಗೆದ್ದ ಮೇಲೆ ಡಗ್ಲಸನು ಕಣ್ಣೀರಿನೊಡನೆ ನೆನೆದದ್ದು ತನ್ನ ತಾಯಿಯನ್ನು.

ಆದರೂ ಈ ಜಯದ ಬೆಲೆಯ ವಿಷಯದಲ್ಲಿ ವಾದವು ನಿಂತಿಲ್ಲ. ಮೊದಲನೆಯ ಆಕ್ಷೇಪಣೆ ಎಣಿಕೆಯದು. ಎಂಟನೆಯ ಸುತ್ತಿನಲ್ಲಿ ಡಗ್ಲಸನೂ ಬಿದ್ದಿದ್ದನು. ರೆಫರಿಯ ಎಣಿಕೆಯು ತಡವಾದುದರಿಂದ ಅವನಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ದೊರೆಯಿತೆಂದು ಟೈಸನನ ಕಡೆಯವರು ದೂರಿದರು. ಮುಷ್ಟಿಯುದ್ಧದ ಎರಡು ದೊಡ್ಡ ಸಂಸ್ಥೆಗಳು ಅವನ ಪದವಿಯನ್ನು ತಡೆಹಿಡಿದು, ಜನರ ಕೋಪವನ್ನು ಕಂಡು ಕೆಲವೇ ದಿನಗಳಲ್ಲಿ ಒಪ್ಪಿಕೊಂಡವು. ನಿಯಮದಂತೆ ಬಿದ್ದವನು ಕೇಳಬೇಕಾದುದು ರೆಫರಿಯ ಎಣಿಕೆಯನ್ನೇ. ಡಗ್ಲಸನು ಅದನ್ನು ಕೇಳಿ, ಒಂಬತ್ತು ಎನ್ನುವಷ್ಟರಲ್ಲಿ ಎದ್ದನು. ಗಡಿಯಾರವು ತಪ್ಪಿದ್ದರೆ ಅದು ಅವನ ತಪ್ಪಲ್ಲ.

ಎರಡನೆಯದು, ಟೈಸನನು ಸರಿಯಾಗಿ ಸಿದ್ಧನಾಗಿರಲಿಲ್ಲವೆಂಬುದು. ಇದು ದಿಟವೇ. ಅಭ್ಯಾಸದಲ್ಲಿಯೇ ಅವನನ್ನು ಗ್ರೆಗ್ ಪೇಜ್ ಕೆಡವಿದ್ದನು. ಕಣ್ಣಿನ ಊತವನ್ನು ಇಳಿಸುವ ತಕ್ಕ ಸಲಕರಣೆಯೂ ಇಲ್ಲದೆ ಅವನ ಕಡೆಯವರು ರಬ್ಬರಿನ ಕೈಚೀಲಕ್ಕೆ ತಣ್ಣೀರು ತುಂಬಿ ಒತ್ತುತ್ತಿದ್ದರು. ಆದರೆ ಒಬ್ಬನ ಅಲಕ್ಷ್ಯವು ಮತ್ತೊಬ್ಬನ ಶ್ರಮವನ್ನು ಸುಳ್ಳುಮಾಡುವುದೇ? ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಒಂಬತ್ತು ಸುತ್ತುಗಳು ಕಳೆದಾಗ ಮೂವರು ತೀರ್ಪುಗಾರರಲ್ಲಿ ಒಬ್ಬನ ಪಟ್ಟಿಯಲ್ಲಿ ಮಾತ್ರ ಡಗ್ಲಸನು ಮುಂದಿದ್ದನು, ಒಬ್ಬನು ಸರಿಸಮವೆಂದನು, ಇನ್ನೊಬ್ಬನು ಟೈಸನನೇ ಮುಂದೆಂದು ಬರೆದಿದ್ದನು. ಹೆಸರುವಾಸಿಗೆ ಅಂಕಗಳು ತಾವಾಗಿಯೇ ಹರಿದುಹೋಗುವುದನ್ನು ಉಪಾಧ್ಯಾಯಿನಿಯರಾದ ನಾವು ಬಲ್ಲೆವು.

ಮೂರನೆಯ ಆಕ್ಷೇಪಣೆಯೇ ಬಲವಾದುದು. ಎಂಟೂವರೆ ತಿಂಗಳೊಳಗೆ, ೧೯೯೦ರ ಅಕ್ಟೋಬರ್ ೨೫ರಂದು, ಇವಾಂಡರ್ ಹೋಲಿಫೀಲ್ಡನು ಡಗ್ಲಸನನ್ನು ಮೂರನೆಯ ಸುತ್ತಿನಲ್ಲಿಯೇ ಕೆಡವಿದನು. ಟೋಕಿಯೋದಲ್ಲಿ ೨೩೧ ಪೌಂಡು ಮೀರಿದ್ದ ತೂಕವು ಆಗ ೨೪೬ ಪೌಂಡಿಗೆ ಏರಿತ್ತು, ಅಭ್ಯಾಸವು ಸಡಿಲವಾಗಿತ್ತು. ಆದುದರಿಂದ ಮೊದಲಿನದು ಕಾಕತಾಳೀಯವೆಂದು ಒಂದು ಪಕ್ಷದ ಬಾಲಿಕೆಯರು ವಾದಿಸಿದರು. ಜಯವನ್ನು ಉಳಿಸಿಕೊಳ್ಳದುದು ಅವನ ಕೊರತೆ, ಗಳಿಸಿದುದು ಅವನ ಗುಣ, ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂದು ಇನ್ನೊಂದು ಪಕ್ಷದವರು ಉತ್ತರಕೊಟ್ಟರು.

ನಮ್ಮ ಮನಸ್ಸು ಈ ಎರಡನೆಯ ಪಕ್ಷದ ಕಡೆಗಿದೆ. ಅಕ್ಟೋಬರಿನ ಸೋಲು ಅವನು ಅಕ್ಟೋಬರಿನಲ್ಲಿ ಏನಾಗಿದ್ದನೆಂಬುದನ್ನು ಹೇಳುತ್ತದೆ; ಫೆಬ್ರವರಿಯಲ್ಲಿ ಏನು ಮಾಡಿದನೆಂಬುದನ್ನು ಅಳಿಸಲಾರದು. ಶ್ರಮವನ್ನು ಬಿಟ್ಟರೆ ಫಲವು ಬಿಟ್ಟುಹೋಗುವುದೆಂಬ ಪಾಠವು ಅದರಲ್ಲಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಸೋತವನ ಹಿಂದಿನ ಗೆಲುವನ್ನೂ ಕಿತ್ತುಕೊಳ್ಳುವುದು ಪಾಠವಲ್ಲ, ಅನ್ಯಾಯ.

ಈ ಅನ್ಯಾಯವನ್ನು ನಾವೇ ಒಮ್ಮೆ ಮಾಡಿದ್ದೇವೆ. ಹಲವು ವರ್ಷಗಳ ಹಿಂದೆ, ಗಣಿತದಲ್ಲಿ ಸದಾ ಹಿಂದಿದ್ದ ಒಬ್ಬ ಬಾಲಿಕೆ ಒಂದು ಪರೀಕ್ಷೆಯಲ್ಲಿ ತರಗತಿಗೇ ಮೊದಲನೆಯವಳಾದಳು. ಮುಂದಿನ ಪರೀಕ್ಷೆಯಲ್ಲಿ ಮತ್ತೆ ಕೆಳಗಿಳಿದಳು. ಆಗ ನಾವು ಅವಳ ತಾಯಿಯ ಎದುರಿನಲ್ಲಿಯೇ, ಮೊದಲಿನದು ಅದೃಷ್ಟವಿದ್ದೀತೆಂದು ಹೇಳಿಬಿಟ್ಟೆವು. ಬಾಲಿಕೆಯು ಮರುಮಾತಾಡಲಿಲ್ಲ. ಆದರೆ ಅಂದಿನಿಂದ ಗಣಿತದ ಪಾಠದಲ್ಲಿ ಅವಳು ಉತ್ತರಕೊಡಲು ಕೈ ಎತ್ತಿದುದನ್ನು ನಾವು ಕಾಣಲಿಲ್ಲ.

ಡಗ್ಲಸನ ಕಥೆಯು ಆ ಸೋಲಿನೊಡನೆ ಮುಗಿಯಲಿಲ್ಲ. ೧೯೯೪ರಲ್ಲಿ ಅವನು ಮಧುಮೇಹದಿಂದ ಪ್ರಜ್ಞೆತಪ್ಪಿ ಸಾವಿನ ಬಾಗಿಲಿಗೆ ಹೋಗಿ ಬಂದನು. ದೇಹವನ್ನು ಮತ್ತೆ ಹದಕ್ಕೆ ತಂದು ೧೯೯೬ರಲ್ಲಿ ಕಣಕ್ಕೆ ಮರಳಿದನು. ಮುಂದೆ ತನ್ನ ಊರಿನ ಎಳೆಯರಿಗೆ ಮುಷ್ಟಿವಿದ್ಯೆಯನ್ನು ಕಲಿಸುವ ಕೆಲಸದಲ್ಲಿ ತೊಡಗಿದನು.

ತಂದೆತಾಯಿಗಳೇ, ನಿಮ್ಮ ಮಗಳು ಒಂದು ದಿನ ಎಲ್ಲರ ಎಣಿಕೆಯನ್ನೂ ಮೀರಿ ಗೆದ್ದು ಬಂದರೆ, ನಾಳೆ ಏನಾಗುವುದೋ ಎಂದು ಕಾಯದೆ, ಅಂದೇ ಅದನ್ನು ಅವಳದೆಂದು ಒಪ್ಪಿಕೊಳ್ಳಿರಿ. ಇನ್ನು ಆ ಹಳೆಯ ವಿದ್ಯಾರ್ಥಿನಿಯು ಈ ಪುಟವನ್ನು ಓದುವಳಾದರೆ ಅವಳಿಗೆ ಒಂದು ಮಾತು: ಅಮ್ಮಾ, ಆ ಅಂಕಗಳು ನಿನ್ನವೇ. ಅಂದು ತಪ್ಪಿ ನುಡಿದವರು ನಾವು.