ಗಡಿ ದಾಟುವ ನಾಯಿಗೂ ಕಾಯುವ ಕಾಲವುಂಟು



ಈ ದಿನ ದನಕರುಗಳ ಮಾತನ್ನು ಸ್ವಲ್ಪ ಬದಿಗಿಟ್ಟು ನಾಯಿಯ ವಿಷಯ ಹೇಳೋಣವೆಂದಿದ್ದೇನೆ. "ನಾಯಿಯ ಕಥೆ ಕೇಳೋದಕ್ಕೆ ಕೆಲಸ ಬಿಟ್ಟು ಕೂತಿದ್ದೀವಾ?" ಎಂದು ಯಾರಾದರೂ ಗೊಣಗಿಕೊಳ್ಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ನಾಯಿಯಿಂದ ಹೊರಟ ಮಾತು ಕಡೆಗೆ ನಿಮ್ಮ ಕೊಟ್ಟಿಗೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಜನವರಿ ತಿಂಗಳು. ಒಕ್ಕಣೆ ಮುಗಿದ ಸಮಯ. ಒಬ್ಬ ಯಜಮಾನರು ಒಂದು ಮುಧೋಳದ ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಂಡು ಪಶು ಆಸ್ಪತ್ರೆಗೆ ಬಂದರು. ಉದ್ದ ಕಾಲು, ಸಣ್ಣ ನಡು, ಚೂಪು ಮೂತಿ. ಎರಡು ವರ್ಷದ ಗಂಡು ನಾಯಿ.

"ಡಾಕ್ಟ್ರೇ, ಇವನಿಗೊಂದು ಸರ್ಟಿಫಿಕೇಟು ಬರೆದುಕೊಡಿ. ಫೆಬ್ರವರಿ ಕೊನೇಲಿ ಇಂಗ್ಲೆಂಡಿಗೆ ಹೋಗ್ಬೇಕು."

"ಯಾರು, ನೀವಾ ಯಜಮಾನ್ರೇ?"

"ನಾನೆಲ್ಲಿಗೆ ಹೋಗ್ಲಿ ಸ್ವಾಮಿ! ಅಳಿಯಂಗೆ ಅಲ್ಲಿ ಕೆಲಸ ಆಗೈತೆ. ಮಗಳು, ಮೊಮ್ಮಗಳು ಜೊತೇಲಿ ಹೊರಟವ್ರೆ. ಇವನ್ನ ಬಿಟ್ಟು ನಾನು ಬರಾಕಿಲ್ಲ ಅಂತ ಮೊಮ್ಮಗಳು ಊಟ ಬಿಟ್ಟು ಕೂತವ್ಳೆ. ಹುಚ್ಚು ರೋಗದ ಸೂಜಿ ಅಕ್ಟೋಬರ್‌ನಲ್ಲೇ ಹಾಕ್ಸಿದ್ದೀನಿ. ಇನ್ನೇನು ಬೇಕು?"

ಅವರು ತಂದಿದ್ದ ಚೀಟಿಯನ್ನು ನೋಡಿದೆ. ಲಸಿಕೆ ಹಾಕಿಸಿದ್ದು ನಿಜ. ಆದರೂ ನಾನು ಹೇಳಬೇಕಾಯಿತು: "ಈ ಸೂಜಿ ನಾಯಿಯನ್ನು ಕಾಯುತ್ತೆ, ಆದರೆ ಆ ದೇಶದ ಲೆಕ್ಕಕ್ಕೆ ಬರೋದಿಲ್ಲ. ಫೆಬ್ರವರಿಗೆ ಇವನು ಹೊರಡೋ ಹಾಗಿಲ್ಲ."

ಯಜಮಾನರ ಮುಖ ಸಣ್ಣದಾಯಿತು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಳ್ಳಿಯ ಮಕ್ಕಳು ಪರದೇಶಕ್ಕೆ ಹೋಗುವುದು ಈಗ ಅಪರೂಪವಲ್ಲ. ನಾಳೆ ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಏಳಬಹುದು.

ಮೊದಲನೆಯದು, ನಾಯಿಯ ಗುರುತು. ಸೂಜಿ ಹಾಕಿದ ಚೀಟಿಯಲ್ಲಿ "ಕಂದು ಬಣ್ಣದ ಗಂಡು ನಾಯಿ" ಎಂದಿದ್ದರೆ ಅದು ಇದೇ ನಾಯಿ ಎಂದು ದೂರದ ಅಧಿಕಾರಿಗೆ ಗೊತ್ತಾಗುವುದು ಹೇಗೆ? ಅದಕ್ಕಾಗಿ ಮೈಕ್ರೋಚಿಪ್ ಎಂಬ ಅಕ್ಕಿಕಾಳಿನಷ್ಟು ವಸ್ತುವನ್ನು ನಾಯಿಯ ಕತ್ತಿನ ಹಿಂಭಾಗದಲ್ಲಿ, ಚರ್ಮದ ಕೆಳಗೆ ಸೂಜಿಯಿಂದ ಇಡುತ್ತಾರೆ. ಅದರಲ್ಲಿ 15 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಓದುವ ಯಂತ್ರವನ್ನು ಹತ್ತಿರ ಹಿಡಿದರೆ ಸಂಖ್ಯೆ ಕಾಣುತ್ತದೆ. ಅದರೊಳಗೆ ಬ್ಯಾಟರಿ ಇಲ್ಲ. ನಾಯಿ ಎಲ್ಲಿ ಅಲೆಯುತ್ತಿದೆ ಎಂದು ಅದು ಹೇಳಲಾರದು. ದನದ ಕಿವಿಗೆ ಹಾಕುವ ಓಲೆಯ ಹಾಗೆ, ಅದು ಬರಿಯ ಗುರುತು.

ಎರಡನೆಯದು, ಹುಚ್ಚುನಾಯಿ ರೋಗದ ಲಸಿಕೆ. ಮರಿಗೆ ಕನಿಷ್ಠ 12 ವಾರ ತುಂಬಿರಬೇಕು. ಲಸಿಕೆಗಿಂತ ಮೊದಲೇ, ಇಲ್ಲವೆ ಅದೇ ದಿನ, ಚಿಪ್ ಇಟ್ಟಿರಬೇಕು. ನಮ್ಮ ಯಜಮಾನರು ಎಡವಿದ್ದು ಇಲ್ಲೇ. ಚಿಪ್ ಇಲ್ಲದ ನಾಯಿಗೆ ಹಾಕಿದ ಲಸಿಕೆ ಪ್ರಯಾಣಕ್ಕೆ ಸಾಕ್ಷಿಯಾಗದು. ಚಿಪ್ ಇಟ್ಟು ಮತ್ತೊಮ್ಮೆ ಲಸಿಕೆ ಹಾಕಲೇಬೇಕು. ಜನವರಿ 5ರಂದು ಎರಡನ್ನೂ ಮಾಡಿದೆವು.

ಮೂರನೆಯದು, ರಕ್ತ ಪರೀಕ್ಷೆ. ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ನಾಯಿಯ ರಕ್ತ ತೆಗೆದು, ಅಂಗೀಕೃತ ಪ್ರಯೋಗಾಲಯಕ್ಕೆ ಕಳಿಸಬೇಕು. "ಸೂಜಿ ಹಾಕಿದ ಮೇಲೆ ಮತ್ತೆ ಪರೀಕ್ಷೆ ಯಾತಕ್ಕೆ?" ಎಂದು ಯಜಮಾನರು ಕೇಳಿದರು. ನಾನೆಂದೆ: "ಬೀಜ ಬಿತ್ತಿದ ಮಾತ್ರಕ್ಕೆ ಪೈರು ಬಂತು ಅಂತ ಹೇಳ್ತೀರಾ? ಹೊಲಕ್ಕೆ ಹೋಗಿ ಮೊಳಕೆ ನೋಡೋದಿಲ್ವಾ?" ಲಸಿಕೆ ತಂಪಿನಲ್ಲಿ ಇಡದೆ ಕೆಟ್ಟಿರಬಹುದು, ಕೆಲವು ನಾಯಿಗಳ ಮೈಗೆ ಅದು ಸರಿಯಾಗಿ ಹತ್ತದಿರಬಹುದು. ರೋಗವನ್ನು ಎದುರಿಸುವ ಶಕ್ತಿ ರಕ್ತದಲ್ಲಿ ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕದಷ್ಟಾದರೂ ಇರಬೇಕು.

ನಾಲ್ಕನೆಯದು, ಕಾಯುವುದು. ಪರೀಕ್ಷೆಯಲ್ಲಿ ಗೆದ್ದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಪೂರ್ತಿ ಕಳೆಯಬೇಕು. ಹುಚ್ಚುನಾಯಿ ಕಚ್ಚಿದ ಕೂಡಲೆ ರೋಗ ಕಾಣುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವು ಸಲ ಇನ್ನೂ ಹೆಚ್ಚು ಕಾಲ ಅದು ಮೈಯೊಳಗೆ ಅಡಗಿರುತ್ತದೆ. ಲಸಿಕೆಗೆ ಮೊದಲೇ ರೋಗ ಸೇರಿಕೊಂಡಿದ್ದರೆ, ಈ ಅವಧಿಯಲ್ಲಿ ಬಹುಮಟ್ಟಿಗೆ ಹೊರಬೀಳುತ್ತದೆ. ನಾವು ಫೆಬ್ರವರಿ 6ರಂದು ರಕ್ತ ತೆಗೆದೆವು. ಅಂದರೆ ಮೇ 6ಕ್ಕೆ ಮೊದಲು ನಾಯಿ ಆ ನೆಲ ಮೆಟ್ಟುವ ಹಾಗಿಲ್ಲ.

ಇನ್ನೂ ಒಂದು ಕಟ್ಟು ಇದೆ. ನಾಯಿ ಹೋಗುವ ದಿನಕ್ಕೂ ಅದರ ಯಜಮಾನ ಹೋಗುವ ದಿನಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಇದ್ದರೆ ಅದನ್ನು ಮನೆಯ ಸಾಕುಪ್ರಾಣಿ ಎನ್ನದೆ ವ್ಯಾಪಾರದ ಪ್ರಾಣಿಯೆಂದು ಎಣಿಸಿ ಬೇರೆ ನಿಯಮ ಹಚ್ಚುತ್ತಾರೆ. ಆದ್ದರಿಂದ ಅವರ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ, ಅಳಿಯ ಮುಂದಾಗಿ ಹೋಗುವುದು, ತಾಯಿ ಮಗಳು ಶಾಲೆಯ ಪರೀಕ್ಷೆ ಮುಗಿಸಿಕೊಂಡು ಮೇ ತಿಂಗಳಲ್ಲಿ ನಾಯಿಯ ಜೊತೆಗೇ ಹೊರಡುವುದು ಎಂದು ತೀರ್ಮಾನಿಸಿದರು. ಮೊಮ್ಮಗಳು ಊಟ ಮಾಡಿದಳು.

ಐದನೆಯದು, ಲಾಡಿಹುಳುವಿನ ಔಷಧ. ಇಂಗ್ಲೆಂಡ್ ತಲುಪುವುದಕ್ಕೆ 24 ಗಂಟೆಗಿಂತ ಕಡಿಮೆಯಲ್ಲದೆ, 120 ಗಂಟೆಗಿಂತ ಹೆಚ್ಚಲ್ಲದೆ, ವೈದ್ಯರೇ ಈ ಔಷಧ ಕೊಟ್ಟು ಬರೆದಿಡಬೇಕು. ಮನೆಯಲ್ಲಿ ನೀವೇ ನುಂಗಿಸಿದರೆ ನಡೆಯದು.

ಆರನೆಯದು, ಕಾಗದ ಪತ್ರ. ನಾಯಿಯ ಆರೋಗ್ಯ ಪತ್ರವನ್ನು ಸರ್ಕಾರದ ಅಧಿಕೃತ ಪಶುವೈದ್ಯರು ನೋಡಿ ಸಹಿ ಮಾಡಬೇಕು. ಸಹಿಯಾದ 10 ದಿನದೊಳಗೆ ನಾಯಿ ಅಲ್ಲಿರಬೇಕು. ನಮ್ಮ ದೇಶದಿಂದ ಪ್ರಾಣಿಯನ್ನು ಹೊರಗೆ ಕಳಿಸುವುದಕ್ಕೂ ಒಳಗೆ ತರುವುದಕ್ಕೂ ಕೇಂದ್ರ ಸರ್ಕಾರದ ಪಶು ಸಂಗರೋಧ ಮತ್ತು ಪ್ರಮಾಣೀಕರಣ ಕೇಂದ್ರಗಳಿವೆ. ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಹೈದರಾಬಾದುಗಳಲ್ಲಿರುವಂತೆ ನಮ್ಮ ಬೆಂಗಳೂರಿನಲ್ಲೂ ಒಂದಿದೆ. ಮೊದಲೇ ದಿನ ಗೊತ್ತುಮಾಡಿಕೊಂಡು, ನಾಯಿಯನ್ನೂ ಕಾಗದಗಳನ್ನೂ ತೆಗೆದುಕೊಂಡು ಹೋಗಬೇಕು. ಪರದೇಶದಿಂದ ನಾಯಿ ತರುವವರೂ ಅಲ್ಲಿಂದ ಹೊರಡುವ ಮೊದಲೇ ಇಲ್ಲಿಯ ಒಪ್ಪಿಗೆ ಪಡೆದಿರಬೇಕು. ವಿಮಾನ ಇಳಿದ ಮೇಲೆ ಕೇಳಿದರೆ ಆಗದು.

ಕಡೆಯದು, ಪೆಟ್ಟಿಗೆ. ನಾಯಿ ತಲೆ ತಗಲದಂತೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಗಾಳಿ ಆಡಬೇಕು. ಮುಧೋಳದ ನಾಯಿ ತೂಕದಲ್ಲಿ ಹಗುರ, ಕಾಲು ಮಾತ್ರ ಉದ್ದ. ತೂಕ ನೋಡಿ ಪೆಟ್ಟಿಗೆ ಕೊಂಡರೆ ಕೆಟ್ಟಿರಿ. ಎತ್ತರ ಅಳೆದು ಕೊಳ್ಳಿ. ಒಂದೆರಡು ತಿಂಗಳ ಮೊದಲೇ ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು, ಊಟ ಅದರಲ್ಲೇ ಹಾಕಿ, ರಾತ್ರಿ ಅದರಲ್ಲೇ ಮಲಗುವ ಅಭ್ಯಾಸ ಮಾಡಿಸಿ. ಹೆದರುತ್ತದೆಂದು ನಿದ್ದೆಯ ಔಷಧ ಕೊಡಬೇಡಿ. ಎತ್ತರದ ಹಾರಾಟದಲ್ಲಿ ಉಸಿರಿಗೂ ರಕ್ತದ ಒತ್ತಡಕ್ಕೂ ಅದರಿಂದ ತೊಂದರೆ.

ಇದರಲ್ಲಿ ಯಾವುದಾದರೊಂದು ತಪ್ಪಿದರೆ? ನಾಯಿಯನ್ನು ಹಿಂದಕ್ಕೆ ಕಳಿಸಬಹುದು. ಇಲ್ಲವೆ ನಾಲ್ಕು ತಿಂಗಳವರೆಗೂ ಬೇರೆ ಇಡಬಹುದು. ಖರ್ಚೆಲ್ಲ ನಾಯಿಯ ಯಜಮಾನನದೇ.

ಒಂದು ಎಚ್ಚರಿಕೆ. ನಾನು ಹೇಳಿದ್ದು ಇಂಗ್ಲೆಂಡಿನ ಲೆಕ್ಕ. ಒಂದೊಂದು ದೇಶಕ್ಕೆ ಒಂದೊಂದು ನಿಯಮ. ಭಾರತದಿಂದ ಆಸ್ಟ್ರೇಲಿಯಕ್ಕೆ ನಾಯಿ ನೇರವಾಗಿ ಹೋಗುವಂತೆಯೇ ಇಲ್ಲ. ಅವರು ಒಪ್ಪಿದ ಬೇರೊಂದು ದೇಶದಲ್ಲಿ ಕನಿಷ್ಠ 180 ದಿನ ಇದ್ದು, ಆಮೇಲೆ ಹೋಗಬೇಕು. ಅಲ್ಲಿಯೂ ಮೆಲ್ಬೋರ್ನ್ ಹತ್ತಿರದ ಮಿಕಲ್‌ಹ್ಯಾಮ್‌ನ ಸರ್ಕಾರಿ ಕೇಂದ್ರದಲ್ಲಿ ಇರಬೇಕು. 2015ರಲ್ಲಿ ಅಮೆರಿಕದ ಸಿನಿಮಾ ನಟ ಜಾನಿ ಡೆಪ್ ದಂಪತಿಗಳು ಎರಡು ಸಣ್ಣ ನಾಯಿಗಳನ್ನು ಸ್ವಂತ ವಿಮಾನದಲ್ಲಿ, ಹೇಳದೆ ಕೇಳದೆ ಅಲ್ಲಿಗೆ ಒಯ್ದಿದ್ದರು. ನಾಯಿಗಳನ್ನು ತಕ್ಷಣ ಹಿಂದಕ್ಕೆ ಕಳಿಸಿ, ಇಲ್ಲದಿದ್ದರೆ ಕೊಲ್ಲಬೇಕಾಗುತ್ತದೆ ಎಂದು ಸರ್ಕಾರ ಹೇಳಿತು. ನಾಯಿಗಳು ಹಿಂದಿರುಗಿದವು. ಎಷ್ಟು ದೊಡ್ಡವರಾದರೂ ಅಲ್ಲಿ ರಿಯಾಯಿತಿ ಇಲ್ಲ. ನಿಯಮಗಳು ಬದಲಾಗುತ್ತಲೂ ಇರುತ್ತವೆ. ಹೋಗುವ ದೇಶದ ಇಂದಿನ ನಿಯಮವನ್ನು ಕೇಳಿ ತಿಳಿದುಕೊಂಡೇ ಟಿಕೆಟ್ ಕೊಳ್ಳಿ.

"ಒಂದು ನಾಯಿಗೆ ಇಷ್ಟೆಲ್ಲಾ ಕಟ್ಟುಪಾಡಾ? ಅವರಿಗೇನು ನಮ್ಮ ಮೇಲೆ ಅನುಮಾನಾನಾ?" ಎಂದು ಯಜಮಾನರು ಬೇಸರದಿಂದ ಕೇಳಿದರು. ಅನುಮಾನ ನಮ್ಮ ಮೇಲಲ್ಲ, ರೋಗದ ಮೇಲೆ.

ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬದುಕುವುದು ಇಲ್ಲವೆಂದೇ ಹೇಳಬೇಕು. ಇಂಗ್ಲೆಂಡಿನವರು ನಾಯಿಗಳ ಮೂತಿಗೆ ಕುಕ್ಕೆ ಕಟ್ಟಿಸಿ, ಹೊರಗಿನ ನಾಯಿಗಳನ್ನು ತಡೆದು, 1902ರ ಹೊತ್ತಿಗೆ ಈ ರೋಗವನ್ನು ತೊಡೆದುಹಾಕಿದ್ದರು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಪ್ರೀತಿಯಿಂದ ಕದ್ದು ತಂದ ನಾಯಿಗಳ ಜೊತೆ 1918ರಲ್ಲಿ ರೋಗ ಮತ್ತೆ ಬಂತು. ಅದನ್ನು ಮತ್ತೆ ಓಡಿಸಲು 1922ರವರೆಗೂ ಬೇಕಾಯಿತು. ಆಮೇಲೆ ಎಷ್ಟೋ ಕಾಲ ಹೊರಗಿನಿಂದ ಬಂದ ನಾಯಿಗಳನ್ನೆಲ್ಲ ಆರು ತಿಂಗಳು ಬೇರೆ ಇಡುತ್ತಿದ್ದರು. 2000ದಲ್ಲಿ ಕೆಲವು ದೇಶಗಳ ನಾಯಿಗಳಿಗೆ ಇದನ್ನು ಸಡಿಲಿಸಿದರು. ನಮ್ಮಂಥ ದೇಶಗಳ ನಾಯಿಗಳಿಗೆ ಸಡಿಲವಾದದ್ದು 2012ರಲ್ಲಿ. ಅಂದರೆ ಆರು ತಿಂಗಳ ಸೆರೆವಾಸದ ಬದಲು ಈಗ ನಾಯಿ ತನ್ನ ಮನೆಯಲ್ಲೇ, ತನ್ನವರ ಜೊತೆಯಲ್ಲೇ ಕಾಯುತ್ತದೆ. ಹಾಗೆ ನೋಡಿದರೆ ಇದು ಕಷ್ಟವಲ್ಲ, ಉಪಕಾರ.

ಹೀಗೆ ಬೇರೆ ಇಡುವುದು ನಮಗೂ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ನಮ್ಮ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಕಟ್ಟಿ ಕಾಲ ಕಳೆದದ್ದನ್ನು ನಿಮ್ಮಲ್ಲಿ ಕೆಲವರು ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿರಬಹುದು. ಕ್ವಾರಂಟೈನ್ ಎಂಬ ಮಾತಿಗೆ ಮೂಲಾರ್ಥ "ನಲವತ್ತು ದಿನ". ಹಿಂದೆ ಇಟಲಿಯ ವೆನಿಸ್ ಬಂದರಿಗೆ ಬಂದ ಹಡಗುಗಳನ್ನು ಪ್ಲೇಗಿನ ಭಯದಿಂದ ಅಷ್ಟು ದಿನ ದೂರ ನಿಲ್ಲಿಸುತ್ತಿದ್ದರು.

ಇನ್ನೊಂದು ಸಂಗತಿ ನಮ್ಮ ದನಗಳಿಗೇ ಸೇರಿದ್ದು. 1920ರಲ್ಲಿ ಭಾರತದಿಂದ ಬ್ರೆಜಿಲ್ ದೇಶಕ್ಕೆ ಹೊರಟ ಹಿಣಿಲುಳ್ಳ ದನಗಳನ್ನು ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಇಳಿಸಿದ್ದರು. ಅವುಗಳ ಜೊತೆ ದೊಡ್ಡರೋಗವೂ ಇಳಿಯಿತು. ಅಲ್ಲಿಯ ದನಗಳಿಗೆ ಹರಡಿತು. ಆ ಏಟಿನಿಂದ ಎಚ್ಚೆತ್ತು 28 ದೇಶಗಳು 1924ರ ಜನವರಿ 25ರಂದು ಪ್ಯಾರಿಸಿನಲ್ಲಿ ಸೇರಿ, ಪ್ರಾಣಿಗಳ ರೋಗ ತಡೆಯಲು ಒಂದು ಲೋಕಸಂಸ್ಥೆಯನ್ನೇ ಕಟ್ಟಿದವು. ಲಸಿಕೆ, ತಪಾಸಣೆ, ಗಡಿಕಾವಲುಗಳ ಫಲವಾಗಿ ಆ ದೊಡ್ಡರೋಗ 2011ರಲ್ಲಿ ಪ್ರಪಂಚದಿಂದಲೇ ಅಳಿಯಿತೆಂದು ಸಾರಲಾಯಿತು. ಕಾದದ್ದು ವ್ಯರ್ಥವಾಗಲಿಲ್ಲ, ನೋಡಿ.

ಈಗ ನಿಮ್ಮ ಕೊಟ್ಟಿಗೆಗೆ ಬರೋಣ. ಸಂತೆಯಿಂದ ಹೊಸ ಹಸು ತರುತ್ತೀರಿ. ಆ ಸಂಜೆಯೇ ಹಳೆಯ ದನಗಳ ಪಕ್ಕದಲ್ಲಿ ಕಟ್ಟುತ್ತೀರಿ. ಅದೇ ಗೋದಲಿ, ಅದೇ ನೀರು. ಅದು ಮಾಡಬೇಡಿ. ನಿಮ್ಮ ಹೊಸಲೇ ನಿಮ್ಮ ಗಡಿ. ಹೊಸ ಹಸುವನ್ನು ಕನಿಷ್ಠ ಮೂರು ವಾರ, ಸಾಧ್ಯವಾದರೆ ನಾಲ್ಕು ವಾರ ದೂರದಲ್ಲಿ ಕಟ್ಟಿ. ಅದಕ್ಕೆ ಬೇರೆ ಬಕೆಟ್ಟು, ಬೇರೆ ಹಗ್ಗ ಇರಲಿ. ಮೊದಲು ಹಳೆಯ ದನಗಳ ಕೆಲಸ ಮುಗಿಸಿ. ಹೊಸದರ ಮೇವು, ಹಾಲು ಕೊನೆಗೆ. ಆಮೇಲೆ ಕೈಕಾಲು ಸೋಪು ಹಚ್ಚಿ ತೊಳೆಯಿರಿ. ನೊಣ, ಸೊಳ್ಳೆ, ಉಣ್ಣೆ ಹತ್ತದಂತೆ ನೋಡಿಕೊಳ್ಳಿ. ಜ್ವರ, ಜೊಲ್ಲು, ಕುಂಟು, ಚರ್ಮದ ಗಂಟು ಯಾವುದೇ ಕಂಡರೂ ಪಶುವೈದ್ಯರಿಗೆ ತಿಳಿಸಿ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಜಿಲ್ಲೆ ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಿದ್ದು ಇದಕ್ಕಾಗಿಯೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

ನಾಯಿಯ ಮಾತನ್ನೂ ಮರೆಯಬೇಡಿ. ಪರದೇಶಕ್ಕೆ ಹೋಗದ ನಾಯಿಗೂ ಮೂರು ತಿಂಗಳಾದ ಮೇಲೆ ಲಸಿಕೆ ಬೇಕು. ವೈದ್ಯರು ಹೇಳಿದ ದಿನ ಮತ್ತೊಂದು, ಆಮೇಲೆ ವರ್ಷಕ್ಕೊಂದು. ನಾಯಿ ಕಚ್ಚಿದರೆ ಗಾಯಕ್ಕೆ ಸುಣ್ಣ, ಖಾರದಪುಡಿ, ಅರಿಶಿನ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ. ಹೇಳಿದಷ್ಟು ಸೂಜಿಗಳನ್ನೂ ಮುಗಿಸಿ.

ಮೇ ತಿಂಗಳ ಎರಡನೆಯ ವಾರ ಆ ಮುಧೋಳದ ನಾಯಿ ಹೊರಟಿತು. ಎರಡು ತಿಂಗಳು ಪೆಟ್ಟಿಗೆಯಲ್ಲಿ ಮಲಗಿ ಅಭ್ಯಾಸವಾಗಿದ್ದರಿಂದ ಗಲಾಟೆಯಿಲ್ಲದೆ ಒಳಗೆ ಹೋಯಿತಂತೆ. ಅಲ್ಲಿ ಚಿಪ್ ನೋಡಿದರು, ಕಾಗದ ನೋಡಿದರು, ಬಿಟ್ಟರು. ಅದಾದ ವಾರದಲ್ಲಿ ಯಜಮಾನರು ಮತ್ತೆ ಆಸ್ಪತ್ರೆಗೆ ಬಂದರು. ಕೈಯಲ್ಲಿ ಒಂದು ನಾಟಿ ನಾಯಿಮರಿ.

"ಮನೆ ಬಿಕೋ ಅಂತಿತ್ತು ಡಾಕ್ಟ್ರೇ. ಇದು ಎಲ್ಲಿಗೂ ಹೋಗಾಕಿಲ್ಲ. ಆದ್ರೂ ಸೂಜಿ ಹಾಕಿ, ಚೀಟಿ ಸರಿಯಾಗಿ ಬರ್ಕೊಡಿ."

ನಾನು ಬರೆದುಕೊಟ್ಟೆ. ನೀವೂ ನಿಮ್ಮ ನಾಯಿಯ ಚೀಟಿಯನ್ನು ಇವತ್ತೇ ಒಮ್ಮೆ ತೆಗೆದು ನೋಡಿ.